ಪುಸ್ತಕ ಮುಚ್ಚಿ ಹೇಳಿದ ಕಥೆ

ಸೆಪ್ಟೆಂಬರ್ 26, 2025, ಶುಕ್ರವಾರ

ಲಾಫ್ಕಾಡಿಯೋ ಹರ್ನ್ ತೀರಿಕೊಂಡಿದ್ದು ಇದೇ ದಿನ, 1904ರಲ್ಲಿ, ಟೋಕಿಯೋದಲ್ಲಿ. ಆಗ ಅವರಿಗೆ 54 ವರ್ಷ. ಜಪಾನಿನ ದೆವ್ವದ ಕಥೆಗಳ ಅವರ ಪುಸ್ತಕ ‘ಕ್ವೈದಾನ್’ ಹೊರಬಂದಿದ್ದೂ ಅದೇ ವರ್ಷ.

ಹುಟ್ಟಿದ್ದು ಗ್ರೀಸಿನ ಒಂದು ದ್ವೀಪದಲ್ಲಿ. ತಾಯಿ ಗ್ರೀಕ್, ತಂದೆ ಐರಿಶ್. ಬೆಳೆದಿದ್ದು ಡಬ್ಲಿನ್‌ನಲ್ಲಿ. ಕತ್ತಲೆಂದರೆ ನಡುಗುತ್ತಿದ್ದ ಹುಡುಗ. ಹೆದರಿಕೆ ಬಿಡಲಿ ಅಂತ ದೊಡ್ಡವರು ರಾತ್ರಿ ದೀಪ ಆರಿಸಿ, ಕೋಣೆಗೆ ಬೀಗ ಹಾಕುತ್ತಿದ್ದರಂತೆ. ಅದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹದಿನಾರರಲ್ಲಿ ಎಡಗಣ್ಣು ಹೋಯಿತು. 1890ರಲ್ಲಿ ಜಪಾನಿಗೆ ಬಂದು ಮತ್ಸುಎ ಊರಲ್ಲಿ ಇಂಗ್ಲಿಷ್ ಮೇಷ್ಟ್ರಾದರು. ಸಾಮುರಾಯ್ ಮನೆತನದ ಕೊಇಜುಮಿ ಸೆತ್ಸು ಅವರನ್ನು ಮದುವೆಯಾದರು. ಆಮೇಲೆ ಅಲ್ಲಿಯ ಪ್ರಜೆಯೇ ಆಗಿ ಕೊಇಜುಮಿ ಯಾಕುಮೊ ಎಂದು ಹೆಸರು ಬದಲಿಸಿಕೊಂಡರು.

ನಾನು ಹರ್ನ್ ಅವರನ್ನು ನೆನೆಯುವಾಗ ಸೆತ್ಸು ಅವರನ್ನು ಬಿಟ್ಟು ನೆನೆಯಲಾರೆ. ಹಳೆಯ ಜಪಾನಿ ಪುಸ್ತಕಗಳನ್ನು ಓದುವಷ್ಟು ಭಾಷೆ ಗಂಡನಿಗೆ ಬರುತ್ತಿರಲಿಲ್ಲ. ಹೆಂಡತಿಯೇ ಹುಡುಕಿ ತಂದು, ಓದಿಕೊಂಡು, ರಾತ್ರಿ ಕಥೆ ಹೇಳಬೇಕು. ದೀಪ ಸಣ್ಣಗೆ ಮಾಡಬೇಕು. ಪುಸ್ತಕ ಮಾತ್ರ ನೋಡುವ ಹಾಗಿಲ್ಲ. ನಿನ್ನ ಮಾತು, ನಿನ್ನ ಯೋಚನೆಯೇ ಬೇಕು ಅಂತ ಹಟ. ಕೇಳುತ್ತಾ ಕೇಳುತ್ತಾ ಅವರ ಮುಖದ ಬಣ್ಣವೇ ಬದಲಾಗುತ್ತಿತ್ತು ಎಂದು ಸೆತ್ಸು ಮುಂದೆ ನೆನಪಿಸಿಕೊಂಡಿದ್ದಾರೆ. ಹೇಳಿ ಹೇಳಿ ಅವರಿಗೂ ಕೆಟ್ಟ ಕನಸು ಬೀಳುತ್ತಿತ್ತಂತೆ. ಇಷ್ಟೆಲ್ಲ ಮಾಡಿದವರ ಹೆಸರು ಪುಸ್ತಕದ ಮುಖಪುಟದಲ್ಲಿಲ್ಲ. ಇರಬೇಕಿತ್ತು ಅಲ್ವಾ?

ನನಗೆ ಜಾಸ್ತಿ ಇಷ್ಟ ಹೊಇಚಿಯ ಕಥೆ. ಕುರುಡ ಹಾಡುಗಾರ. 1185ರಲ್ಲಿ ದಾನ್‌ನೊಉರಾ ಕಡಲಲ್ಲಿ ಮುಳುಗಿ ಸತ್ತ ಹೆಇಕೆ ಮನೆತನದವರ ಪ್ರೇತಗಳು ಅವನನ್ನು ರಾತ್ರಿ ಕರೆಸಿಕೊಂಡು, ತಮ್ಮದೇ ಸಾವಿನ ಹಾಡು ಹಾಡಿಸಿ ಅಳುತ್ತವೆ. ಇದನ್ನು ಬರೆಯುವ ದಿನಗಳಲ್ಲಿ ಹರ್ನ್ ಒಂದು ಸಂಜೆ ದೀಪವನ್ನೂ ಹಚ್ಚದೆ ಕೂತಿದ್ದರು. ಪಕ್ಕದ ಕೋಣೆಯಿಂದ ಸೆತ್ಸು ಮೆಲ್ಲಗೆ “ಹೊಇಚಿ, ಹೊಇಚಿ” ಎಂದು ಕರೆದರು. ಒಳಗಿನಿಂದ ಬಂದ ಉತ್ತರ, ನಾನು ಕುರುಡ, ನೀವು ಯಾರು? ಆಟಕ್ಕೆ ಅಂದಿದ್ದಲ್ಲ. ಆ ಹೊತ್ತಿಗೆ ಅವರು ಕಥೆಯೊಳಗೇ ಇದ್ದರು ಅಂತ ನಾನು ನಂಬುತ್ತೇನೆ.

ಅದೇ ಕಥೆಯಲ್ಲಿ ಸಾಮುರಾಯ್ ಪ್ರೇತ ಹೆಬ್ಬಾಗಿಲ ಮುಂದೆ ನಿಂತು ಕೂಗುವ ಜಾಗವಿದೆ. ಬಾಗಿಲು ತೆಗೆ ಎನ್ನುವ ಸಾದಾ ಮಾತಿನಲ್ಲಿ ಜೋರಿಲ್ಲ ಅಂತ ಇಬ್ಬರೂ ತಲೆ ಕೆಡಿಸಿಕೊಂಡು, ಕೊನೆಗೆ ‘ಕೈಮೊನ್’ ಎಂಬ ಗಟ್ಟಿ ಶಬ್ದ ಆರಿಸಿದರು.

ಇವತ್ತು ರಾತ್ರಿ ಮಗಳಿಗೆ ಇದೇ ಕಥೆ ಹೇಳಿದೆ, ಪುಸ್ತಕ ಮುಚ್ಚಿಟ್ಟು. ಹೆಬ್ಬಾಗಿಲು ಬಂದಾಗ ನನಗೂ ಅದೇ ಕಷ್ಟ. “ಬಾಗಿಲು ತೆಗೆಯಿರಿ” ಎಂದೆ. ಸಪ್ಪೆಯಾಯಿತು. ಒಂದು ಕ್ಷಣ ಸುಮ್ನೆ ಇದ್ದು, ದನಿ ತಗ್ಗಿಸಿ, “ತೆಗಿ ಬಾಗಿಲು” ಎಂದೆ. ಅವಳು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಳು. ಆಮೇಲೆ ಪ್ರೇತಗಳ ಕಣ್ಣಿಗೆ ಬೀಳದಿರಲಿ ಅಂತ ಗುಡಿಯ ಗುರುಗಳು ಹೊಇಚಿಯ ಮೈಯೆಲ್ಲ ಮಂತ್ರ ಬರೆಸಿ, ಕಿವಿಗೆ ಬರೆಯುವುದನ್ನು ಮರೆತ ಜಾಗ ಬಂತು. ಮುಂದಿನದು ನಾನು ಹೇಳುವ ಮೊದಲೇ ಅವಳ ಎರಡೂ ಕೈ ಕಿವಿಯ ಮೇಲಿದ್ದವು.