ಯಾವ ಪೌಡರ್ ಎಂದು ಕೇಳುವವರಿಗೆ

ಇಲ್ಲ. ಇಂಜೆಕ್ಷನ್ ಚುಚ್ಚಿಸಿಕೊಂಡಿಲ್ಲ. ಬಳ್ಳಾರಿಯ ಬಿಸಿಲಿಗೆ ಊದಿಕೊಂಡದ್ದೂ ಅಲ್ಲ. ಹದಿನಾಲ್ಕು ತಿಂಗಳು ಜಿಮ್ಮಿನಲ್ಲಿ ಕಬ್ಬಿಣ ಎತ್ತಿ 52 ಕಿಲೋದಿಂದ 61ಕ್ಕೆ ಬಂದಿದ್ದೇನೆ, ಅಷ್ಟೆ. ಮೊದಲು ಕಡ್ಡಿ ಪೈಲ್ವಾನ್ ಎಂದು ಕರೆಯುತ್ತಿದ್ದವರೇ ಈಗ ಜಾತ್ರೆಯಲ್ಲಿ ಎತ್ತು ಕೊಳ್ಳುವವರ ಹಾಗೆ ತೋಳು ಹಿಚುಕಿ, ದನಿ ತಗ್ಗಿಸಿ, "ಯಾವ ಪೌಡರು? ನಿಜ ಹೇಳು" ಎನ್ನುತ್ತಾರೆ. ಪೌಡರಿನ ಬಗ್ಗೆ ಕೇಳಿದ್ದಕ್ಕೆ ಬೇಸರವಿಲ್ಲ. ಆ "ನಿಜ ಹೇಳು" ಇದೆಯಲ್ಲ, ಅದಕ್ಕೆ ಮೈ ಉರಿಯುತ್ತದೆ. ನಾನಿನ್ನೂ ಬಾಯಿಯೇ ತೆರೆದಿರುವುದಿಲ್ಲ, ಅಷ್ಟರಲ್ಲಿ ಸುಳ್ಳುಗಾರನಾಗಿರುತ್ತೇನೆ.

ಕಳೆದ ತಿಂಗಳು ಸಿರುಗುಪ್ಪದಿಂದ ಸೋದರಮಾವ ಬಂದಿದ್ದರು, ಜೊತೆಗೆ ಪಿಯುಸಿ ಓದುವ ಮಗ. ನೀರು ಕುಡಿಯಲು ಅಡುಗೆಮನೆಗೆ ಹೋದ ಮಾವ ಅಲ್ಲಿಂದಲೇ ಕೂಗಿದರು: "ಸಿಕ್ಕಿತು!" ಕೈಯಲ್ಲಿ ಕಪ್ಪು ಡಬ್ಬಿ, ಅದರ ಮೇಲೆ ತಲೆಯಿಲ್ಲದ ಮನುಷ್ಯನೊಬ್ಬನ ಎದೆ. ಮುಚ್ಚಳ ತೆಗೆದರೆ ಒಳಗೆ ತೊಗರಿಬೇಳೆ. ಬೇಳೆ ಅಳೆಯಲು ಅವ್ವ ಆ ಡಬ್ಬಿಯದೇ ಪ್ಲಾಸ್ಟಿಕ್ ಚಮಚ ಇಟ್ಟುಕೊಂಡಿದ್ದಾಳೆ. ಮಾವ ಬೇಳೆಯೊಳಗೆ ಬೆರಳಾಡಿಸಿ ತಳದವರೆಗೂ ಹುಡುಕಿದರು. "ಹಾಗಾದರೆ ಮೊದಲು ಇದರಲ್ಲಿ ಏನಿತ್ತು?"

ಇತ್ತು ಮಾವ. ಆರನೇ ತಿಂಗಳಲ್ಲಿ ಒಂದು ಡಬ್ಬಿ ಕೊಂಡೆ, ಕುಡಿದು ಮುಗಿಸಿದೆ. ಅದು ಹಾಲೊಡಕಿನ ಪುಡಿ. ಹಾಲು ಒಡೆಸಿ ಪನೀರು ಮಾಡಿದ ಮೇಲೆ ನಾವು ಚೆಲ್ಲುವ ನೀರಿದೆಯಲ್ಲ, ಅಂಥದರ ಪ್ರೋಟೀನನ್ನೇ ಒಣಗಿಸಿ ಡಬ್ಬಿಗೆ ತುಂಬುತ್ತಾರೆ. ಮೊಟ್ಟೆ ತಿನ್ನಲು ಹೊತ್ತಿಲ್ಲದ ದಿನ ಅನುಕೂಲ, ನನ್ನ ಸಂಬಳಕ್ಕೆ ದುಬಾರಿ. "ಕಿಡ್ನಿ ಹೋಗುತ್ತದೆ" ಎಂದರು ಮಾವ, ನಾಲ್ಕನೇ ಮಿರ್ಚಿ ಮುರಿಯುತ್ತಾ. ಕಿಡ್ನಿಯ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು, ಒಪ್ಪಿದೆ. ಗಟ್ಟಿಮುಟ್ಟಾಗಿರುವವನಿಗೆ ಇಷ್ಟು ಪ್ರೋಟೀನಿನಿಂದ ಏನೂ ಆಗುವುದಿಲ್ಲ.

ಇಷ್ಟು ಎಂದರೆ ಎಷ್ಟು? ಮೈ ಬೆಳೆಸುವವನಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ ಸಾಕು. ಅಂದಿನ ನನಗೆ 83 ಗ್ರಾಂ. ಅರ್ಧ ಲೀಟರ್ ಹಾಲಿನಲ್ಲಿ 16, 40 ಗ್ರಾಂ ಶೇಂಗಾದಲ್ಲಿ 10, ಐದು ಜೋಳದ ರೊಟ್ಟಿಯಲ್ಲಿ 25ರ ಹತ್ತಿರ, ಬೇಳೆ ಮತ್ತು ಮಡಿಕೆಕಾಳಿನ ಪಲ್ಯದಲ್ಲಿ ಇನ್ನೊಂದು 10. ಎರಡು ರೊಟ್ಟಿಗೇ ಕೈ ತೊಳೆಯುತ್ತಿದ್ದವನು ಐದಕ್ಕೆ ಏರಲು ಎರಡು ತಿಂಗಳು ಹಿಡಿಯಿತು. ಕಬ್ಬಿಣ ಎತ್ತುವುದು ಅದಕ್ಕಿಂತ ಸುಲಭ. ಉಳಿದದ್ದಕ್ಕೆ ನಾಲ್ಕು ಮೊಟ್ಟೆ. ನಮ್ಮ ಮನೆಯೊಳಗೆ ಮೊಟ್ಟೆ ಬರುವಂತಿಲ್ಲ. ಕೌಲ್ ಬಜಾರಿನ ತಳ್ಳುಗಾಡಿಯವನು ನನ್ನ ಬೈಕ್ ಕಂಡೊಡನೆ ನಾಲ್ಕನ್ನು ಸುಲಿದು, ದಾರದಿಂದ ಸೀಳಿ, ಉಪ್ಪು ಖಾರ ಉದುರಿಸಿ ಇಟ್ಟಿರುತ್ತಾನೆ. ಅವ್ವನಿಗೆ ಗೊತ್ತು. ಅವಳಿಗೆ ಗೊತ್ತೆಂಬುದು ನನಗೂ ಗೊತ್ತು. "ಬಾಯಿ ತೊಳೆದುಕೊಂಡು ಒಳಗೆ ಬಾ" ಎನ್ನುತ್ತಾಳೆ, ಮತ್ತೇನೂ ಕೇಳುವುದಿಲ್ಲ.

ಕೇಳುವುದೇ ಆದರೆ, ಮೊದಲ ದಿನ ಎಷ್ಟು ಎತ್ತಿದೆ ಎಂದು ಕೇಳಬಾರದೇ? ಹೇಳಲು ನಾನು ತುದಿಗಾಲಲ್ಲಿ ನಿಂತಿದ್ದೇನೆ. ಏನೂ ಹಾಕದ ಬರಿಯ ರಾಡು, 20 ಕಿಲೋ. ಬೆಂಚಿನ ಮೇಲೆ ಮಲಗಿ ಮೂರು ಸಲ ಎತ್ತಿದೆ. ನಾಲ್ಕನೆಯ ಸಲ ಎದೆಗೆ ಇಳಿದದ್ದು ಅಲ್ಲೇ ಕುಳಿತಿತು. ಕಸ ಗುಡಿಸುತ್ತಿದ್ದ ಅಜ್ಜ ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಒಂದೇ ಕೈಯಲ್ಲಿ ಎತ್ತಿ ಅದರ ಜಾಗಕ್ಕಿಟ್ಟರು. ನನ್ನ ನೋಟ್‌ಬುಕ್ಕಿನ ಮೊದಲ ಸಾಲು ಹೀಗಿದೆ: "ರಾಡು, ಮೂರು. ನಾಲ್ಕನೆಯದು ಅಜ್ಜ." ಆಮೇಲೆ ವಾರಕ್ಕೆ ಮೂರು ದಿನ ಅದೇ ಬೈಠಕ್, ಅದೇ ಬೆಂಚು, ಅದೇ ಎಳೆತ. ಹಿಂದಿನದಕ್ಕಿಂತ ಒಂದು ಸಲ ಹೆಚ್ಚು, ಅದಾದ ಮೇಲೆ ಎರಡೂವರೆ ಕಿಲೋ ಹೆಚ್ಚು. ಮೊದಲ ಕೆಲವು ವಾರ ಭಾರ ಏರಿತೇ ಹೊರತು ತೋಳು ಮಿಸುಕಲಿಲ್ಲ. ಮೊದಲು ಕಲಿಯುವುದು ನರಗಳು, ಮಾಂಸಖಂಡದ ಸರದಿ ಆಮೇಲೆ. ಜಿಮ್ಮಿಗೆ ತಗಡಿನ ಸೂರು. ಏಪ್ರಿಲ್ ಪುಟಗಳಲ್ಲಿ ಬೆವರಿಗೆ ಶಾಯಿ ಹರಡಿ 6 ಯಾವುದು, 8 ಯಾವುದು ತಿಳಿಯುವುದಿಲ್ಲ. ಈಗ 50 ಕಿಲೋ, ಎಂಟು ಸಲ. ಇದು 8 ಎಂದು ಸ್ಪಷ್ಟವಾಗಿ ಕಾಣುವಂತೆ ಎರಡು ಬಾರಿ ತಿದ್ದಿ ಬರೆದಿದ್ದೇನೆ.

"ಮೂರೇ ತಿಂಗಳ ಕೆಲಸ" ಎಂದು ಒಬ್ಬ ಅಲ್ಲಿಯೇ ಇಂಜೆಕ್ಷನ್ ತೋರಿಸಿದ್ದೂ ಉಂಟು. ಅದರಲ್ಲಿದ್ದದ್ದು ಟೆಸ್ಟೋಸ್ಟಿರಾನ್, ಗಂಡಸರ ಹಾರ್ಮೋನು. ಅದು ಹೊರಗಿನಿಂದ ಬಂದರೆ ದೇಹ ತನ್ನದನ್ನು ಮಾಡುವುದನ್ನು ಕೈಬಿಡುತ್ತದೆ, ವೃಷಣ ಕುಗ್ಗುತ್ತದೆ. ಇನ್ನೂ ಮದುವೆಯಾಗಬೇಕಾದವನು, ಬೇಡ ಮಾರಾಯ ಎಂದೆ.

ಮಾವನ ಮುಂದೆ ಆ ನೋಟ್‌ಬುಕ್ ತಂದಿಟ್ಟೆ. ಎರಡು ಪುಟ ತಿರುವಿ, "ಇದರಲ್ಲಿ ಬರೀ ಅಂಕಿಗಳಿವೆಯಲ್ಲೋ" ಎಂದು ಹಿಂದಕ್ಕೆ ಕೊಟ್ಟರು. ಅಷ್ಟರಲ್ಲಿ ಅವರ ಮಗ ಬೇಳೆ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಸುತ್ತ ತಿರುಗಿಸಿ ತಿರುಗಿಸಿ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದ.