ಗರಿಯ ಮೇಲೆ ಚುಕ್ಕೆ ಕಾಣುವ ಮೊದಲೇ: ಭತ್ತದ ಬೆಂಕಿ ರೋಗ ಒಳಹೊಕ್ಕುವ ಬಗೆ

ಭತ್ತದ ಗರಿಯ ಮೇಲೆ ಕಣ್ಣಿನ ಆಕಾರದ ಚುಕ್ಕೆ ಕಂಡಿತು: ನಡುವೆ ಬೂದು ಬಣ್ಣ, ಅಂಚಿಗೆ ಕಂದು, ಎರಡೂ ತುದಿ ಚೂಪು. ಅಂದರೆ ಬೆಂಕಿ ರೋಗ ಗಿಡದೊಳಗೆ ಸೇರಿ ಆಗಲೇ ನಾಲ್ಕೈದು ದಿನವಾಗಿದೆ. ಹೆಚ್ಚಿನವರು ಔಷಧಿ ಹುಡುಕಿಕೊಂಡು ಹೊರಡುವುದು ಆ ದಿನ. ಆದರೆ ಶಿಲೀಂಧ್ರ ಗೆದ್ದದ್ದು ಅದಕ್ಕೂ ಮೊದಲು, ಗರಿ ಒದ್ದೆಯಾಗಿದ್ದ ಒಂದು ರಾತ್ರಿಯಲ್ಲಿ. ಆ ರಾತ್ರಿಯ ಲೆಕ್ಕ ಗೊತ್ತಿದ್ದರೆ ಸಿಂಪಡಣೆಯ ಸಮಯವೂ ಗೊಬ್ಬರದ ಲೆಕ್ಕವೂ ತಾನಾಗಿ ಅರ್ಥವಾಗುತ್ತವೆ.

ಈ ರೋಗ ತರುವುದು ಮ್ಯಾಗ್ನಪೋರ್ತೆ ಒರೈಜೆ ಎಂಬ ಶಿಲೀಂಧ್ರ. ಪೈರಿಕ್ಯುಲೇರಿಯಾ ಒರೈಜೆ ಎಂದೂ ಇದನ್ನು ಕರೆಯುತ್ತಾರೆ. ಇದು ಹರಡುವುದು ಬೀಜಕ ಎಂಬ ಸೂಕ್ಷ್ಮ ಬೀಜದಿಂದ. ಬುಡ ದಪ್ಪ, ತುದಿ ಸಪೂರವಾದ ಆ ಬೀಜಕದಲ್ಲಿ ಮೂರೇ ಜೀವಕೋಶ. ಹಳೆಯ ಚುಕ್ಕೆಗಳಿಂದ ಬೀಜಕಗಳು ಹೆಚ್ಚಾಗಿ ಕಳಚಿಕೊಳ್ಳುವುದು ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ, ಗಾಳಿಯಲ್ಲಿ ತೇವ ತುಂಬಿರುವ ಹೊತ್ತಿನಲ್ಲಿ. ಗರಿಯ ಮೇಲೆ ಬಿದ್ದು ನೀರು ತಾಗಿದ ಕೂಡಲೇ ಬೀಜಕದ ತುದಿಯಿಂದ ಅಂಟು ಹೊರಬಂದು ಮೇಣದ ಮೈಗೆ ಅದನ್ನು ಹಿಡಿಸುತ್ತದೆ. ಮಳೆ ಬಿದ್ದರೂ ಆಮೇಲೆ ಅದು ಸುಲಭಕ್ಕೆ ತೊಳೆದುಹೋಗುವುದಿಲ್ಲ.

ಎರಡು ಗಂಟೆಯೊಳಗೆ ಮೊಳಕೆ ಕೊಳವೆ ಹೊರಡುತ್ತದೆ. ಅದರ ತುದಿ ಬಾಗಿ, ತಾನಿರುವ ಜಾಗ ಗಟ್ಟಿಯಾಗಿದೆಯೇ, ನೀರು ಹಿಡಿಯದ ಮೈಯೇ ಎಂದು ಪರೀಕ್ಷಿಸುತ್ತದೆ. ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ನೋಡಬಹುದು: ನೀರು ಜಾರುವ ಪ್ಲಾಸ್ಟಿಕ್ ಹಾಳೆಯ ಮೇಲೆ ಬೀಜಕದ ಹನಿ ಇಟ್ಟರೆ ಗಿಡವೇ ಇಲ್ಲದಿದ್ದರೂ ದಾಳಿಯ ಸಿದ್ಧತೆ ಶುರುವಾಗುತ್ತದೆ; ನೀರು ಹರಡುವ ಗಾಜಿನ ಮೇಲೆ ಕೊಳವೆ ಸುಮ್ಮನೆ ಉದ್ದ ಬೆಳೆಯುತ್ತಾ ಹೋಗುತ್ತದೆ. ಒಪ್ಪಿಗೆಯಾದ ಜಾಗದಲ್ಲಿ ನಾಲ್ಕರಿಂದ ಎಂಟು ಗಂಟೆಯೊಳಗೆ ಕೊಳವೆಯ ತುದಿ ಗುಮ್ಮಟದಂತೆ ಉಬ್ಬುತ್ತದೆ. ಇದೇ ಅಪ್ರೆಸೋರಿಯಂ, ಇಡೀ ರೋಗದ ಕೀಲಿಕೈ.

ಅಪ್ರೆಸೋರಿಯಂನ ಗೋಡೆಯೊಳಗೆ ಮೆಲನಿನ್ ಎಂಬ ಕಪ್ಪು ಪದರ ಕೂಡುತ್ತದೆ. ಬೀಜಕ ತನ್ನಲ್ಲಿದ್ದ ಕೊಬ್ಬು, ಗ್ಲೈಕೋಜನ್ ಕರಗಿಸಿ ಗುಮ್ಮಟಕ್ಕೆ ಕಳಿಸುತ್ತದೆ, ಅಲ್ಲಿ ಗ್ಲಿಸರಾಲ್ ಶೇಖರವಾಗುತ್ತದೆ. ಮೆಲನಿನ್ ಪದರ ನೀರನ್ನು ಒಳಗೆ ಬಿಡುತ್ತದೆ, ಗ್ಲಿಸರಾಲನ್ನು ಹೊರಗೆ ಬಿಡುವುದಿಲ್ಲ. ನೀರು ನುಗ್ಗುತ್ತಲೇ ಇರುವುದರಿಂದ ಒತ್ತಡ ಏರುತ್ತದೆ. 1991ರಲ್ಲಿ ಅಳೆದಾಗ ಅದು 8 ಮೆಗಾಪ್ಯಾಸ್ಕಲ್‌ವರೆಗೆ ಬಂದಿತ್ತು, ಕಾರಿನ ಟೈರಿನೊಳಗಿರುವುದರ ಸುಮಾರು 40 ಪಟ್ಟು. ಗುಮ್ಮಟದ ತಳದಲ್ಲಿ ಮಾತ್ರ ಮೆಲನಿನ್ ಇಲ್ಲದ ಸಣ್ಣ ಕಿಂಡಿ ಇದೆ. ಅಷ್ಟೂ ಒತ್ತಡ ಅಲ್ಲಿಂದ ಒಂದು ಸಪೂರ ಮೊಳೆಯನ್ನು ಗರಿಯೊಳಕ್ಕೆ ತಳ್ಳುತ್ತದೆ. ಬೀಜಕ ಬಿದ್ದು ಸುಮಾರು 24 ಗಂಟೆಗೆ ಶಿಲೀಂಧ್ರ ಮೊದಲ ಜೀವಕೋಶದ ಒಳಗಿರುತ್ತದೆ. ಅಷ್ಟರಲ್ಲಿ ಬೀಜಕದ ಮೂರೂ ಕೋಶಗಳು ಸತ್ತಿರುತ್ತವೆ. ಇದ್ದಬದ್ದದ್ದನ್ನೆಲ್ಲ ಒಂದೇ ದಾಳಿಗೆ ಸುರಿದಿರುತ್ತವೆ.

ಒಳಗೆ ಹೋದ ಮೇಲೆ ಅದು ಕೂಡಲೇ ಕೊಲ್ಲುವುದಿಲ್ಲ. ಜೀವಕೋಶವನ್ನು ಬದುಕಿರಲು ಬಿಟ್ಟು, ಗಿಡದ ರಕ್ಷಣೆಯನ್ನು ಮಂಕಾಗಿಸುವ ಪ್ರೋಟೀನುಗಳನ್ನು ಸುರಿಸಿ, ಕೋಶದಿಂದ ಕೋಶಕ್ಕಿರುವ ಸೂಕ್ಷ್ಮ ದಾರಿಗಳಲ್ಲೇ ನುಸುಳುತ್ತದೆ. ಆ ದಿನಗಳಲ್ಲಿ ಗರಿ ನೋಡಲು ಹಸಿರಾಗಿಯೇ ಇರುತ್ತದೆ. ಆಮೇಲೆ ಕೋಶಗಳು ಸತ್ತು ಚುಕ್ಕೆ ಮೂಡುತ್ತದೆ. ತೇವ ಸಿಕ್ಕರೆ ಒಂದೇ ಚುಕ್ಕೆ ಎರಡು ವಾರದವರೆಗೆ ರಾತ್ರಿಗೆ ಸಾವಿರಾರು ಬೀಜಕ ಉದುರಿಸಬಲ್ಲದು.

ಬೆಂಕಿ ರೋಗಕ್ಕೆ ಹೊಡೆಯುವ ಟ್ರೈಸೈಕ್ಲಜೋಲ್ ಎಂಬ ಔಷಧಿ ಕೆಲಸ ಮಾಡುವುದು ಈ ಮೆಲನಿನ್ ಮೇಲೆ. ಅದು ಶಿಲೀಂಧ್ರವನ್ನು ಕೊಲ್ಲುವುದಿಲ್ಲ, ಮೆಲನಿನ್ ತಯಾರಿಯನ್ನು ತಡೆಯುತ್ತದೆ. ಪದರವಿಲ್ಲದ ಗುಮ್ಮಟದಲ್ಲಿ ಒತ್ತಡ ನಿಲ್ಲುವುದಿಲ್ಲ, ಮೊಳೆ ಒಳಹೋಗುವುದಿಲ್ಲ. ಹಾಗಾಗಿ ಆಗಲೇ ಮೂಡಿದ ಚುಕ್ಕೆಗೆ ಇದು ಮದ್ದಲ್ಲ. ಮುಂದಿನ ಗರಿಗಳ ರಕ್ಷಣೆಗೆ ಮಾತ್ರ. 75 ಡಬ್ಲ್ಯುಪಿ (ನೂರಕ್ಕೆ 75 ಪಾಲು ಔಷಧಿಯಿರುವ, ನೀರಲ್ಲಿ ಕಲಸುವ) ಪುಡಿಯಾದರೆ ಲೀಟರಿಗೆ 0.6 ಗ್ರಾಂ, ಅಂದರೆ 100 ಲೀಟರಿಗೆ 60 ಗ್ರಾಂ ರೂಢಿಯ ಪ್ರಮಾಣ. ಅನುಮತಿ ಮತ್ತು ಕೊಯ್ಲಿಗೆ ಮುಂಚಿನ ಅಂತರ ದೇಶದಿಂದ ದೇಶಕ್ಕೆ ಬೇರೆ, ಲೇಬಲ್ ಓದಿಯೇ ಬಳಸಬೇಕು. ಅಜಾಕ್ಸಿಸ್ಟ್ರೋಬಿನ್ ಗುಂಪಿನ ಔಷಧಿಗಳು ಬೀಜಕದ ಉಸಿರಾಟವನ್ನೇ ಕಟ್ಟುತ್ತವೆ, ಆದರೆ ಶಿಲೀಂಧ್ರದ ಒಂದೇ ಜೀನಿನಲ್ಲಿ ಒಂದೇ ಬದಲಾವಣೆಯಾದರೂ ಅವು ನಿಷ್ಫಲ. ಒಂದೇ ಗುಂಪನ್ನು ಮತ್ತೆ ಮತ್ತೆ ಹೊಡೆಯುವವರು ಆ ಬದಲಾದ ಶಿಲೀಂಧ್ರವನ್ನೇ ಆರಿಸಿ ಬೆಳೆಸಿದಂತೆ.

ಎಲೆಗಿಂತ ಹೆಚ್ಚು ನಷ್ಟ ಕುತ್ತಿಗೆ ಬೆಂಕಿಯಿಂದ. ತೆನೆಯ ಬುಡದ ಗಿಣ್ಣು ಹೊರಬರುವಾಗ ಗರಿಯ ಸಂದಿಯಲ್ಲಿ ನಿಂತ ನೀರು, ಅದರಲ್ಲಿ ತೇಲುವ ಬೀಜಕ, ಎರಡೂ ಅಲ್ಲೇ ಸಿಗುತ್ತವೆ. ಬೇಗ ತಗುಲಿದರೆ ತೆನೆ ಪೂರ್ತಿ ಜೊಳ್ಳಾಗಿ ಬೆಳ್ಳಗೆ ನೆಟ್ಟಗೆ ನಿಲ್ಲುತ್ತದೆ. ತಡವಾಗಿ ತಗುಲಿದರೆ ಕಾಳು ಅರೆಬರೆ ತುಂಬಿ ಕುತ್ತಿಗೆ ಮುರಿಯುತ್ತದೆ. ಬಿಳಿ ತೆನೆ ಕಂಡ ಮೇಲೆ ಹೊಡೆದ ಔಷಧಿ ಆ ತೆನೆಗಳ ಮಟ್ಟಿಗೆ ವ್ಯರ್ಥ. ಎಲೆಯಲ್ಲಿ ಚುಕ್ಕೆಯಿದ್ದು ಇಬ್ಬನಿ, ತುಂತುರು ಮುಂದುವರಿದಿದ್ದರೆ ತೆನೆ ಇಣುಕಲು ಶುರುವಾದಾಗ ಒಮ್ಮೆ, ಏಳರಿಂದ ಹತ್ತು ದಿನ ಬಿಟ್ಟು ಇನ್ನೊಮ್ಮೆ ಸಿಂಪಡಿಸಬೇಕು.

ಇನ್ನು ಹವಾಮಾನ. 25ರಿಂದ 28 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಹಿತ. ತಂಪು ಹೆಚ್ಚಿದಷ್ಟೂ ಗರಿ ಇನ್ನೂ ಹೆಚ್ಚು ಗಂಟೆ ಒದ್ದೆಯಿರಬೇಕು. ಮೊಳೆ ಇಳಿಯುವ ಮುಂಚೆ ಗರಿ ಒಣಗಿದರೆ ಹೆಚ್ಚಿನ ಬೀಜಕಗಳು ಅಲ್ಲಿಗೇ ಮುಗಿದವು. ಯೂರಿಯಾ ಜಾಸ್ತಿಯಾದ ಗದ್ದೆಯಲ್ಲಿ ಗರಿ ಮೆತ್ತಗಾಗುವುದಷ್ಟೇ ಅಲ್ಲ, ಪೈರು ಒತ್ತಾಗಿ ಬೆಳೆದು ಬುಡಕ್ಕೆ ಬಿಸಿಲು ಗಾಳಿ ಇಳಿಯದೆ ಇಬ್ಬನಿ ತಡವಾಗಿ ಆರುತ್ತದೆ. ಸಾರಜನಕವನ್ನು ಮೂರು ಕಂತಿನಲ್ಲಿ ಕೊಡಿ. ಚುಕ್ಕೆ ಹರಡುತ್ತಿರುವಾಗ ಮೇಲುಗೊಬ್ಬರ ನಿಲ್ಲಿಸಿ. ಗದ್ದೆಯಲ್ಲಿ ನೀರು ನಿಂತಿರಲಿ, ನೀರಿನ ಕೊರತೆಯಾದ ಪೈರಿಗೆ ಈ ರೋಗ ಬೇಗ ತಗುಲುತ್ತದೆ. ಸಿಲಿಕಾ ಗರಿಯ ಮೇಲ್ಪದರದ ಕೆಳಗೆ ಕೂತು ಮೊಳೆಗೆ ಅಡ್ಡ ನಿಲ್ಲುತ್ತದೆ, ಗಿಡದ ರಕ್ಷಣೆಯನ್ನೂ ಚುರುಕುಗೊಳಿಸುತ್ತದೆ. ಭತ್ತದ ಹೊಟ್ಟಿನ ಬೂದಿಯಲ್ಲಿ ಹೆಚ್ಚಿನ ಪಾಲು ಸಿಲಿಕಾವೇ. ಕಡಿಮೆ ಕಾವಿನಲ್ಲಿ ಸುಟ್ಟ ಬೂದಿ ಮಣ್ಣಲ್ಲಿ ಕರಗುತ್ತದೆ, ಅತಿ ಕಾವಿಗೆ ಸುಟ್ಟದ್ದು ಹರಳುಗಟ್ಟಿ ಬಹಳ ನಿಧಾನ.

ರೋಗನಿರೋಧಕ ತಳಿಯೂ ಶಾಶ್ವತವಲ್ಲ. ಒಂದೇ ಜೀನ್ ನೆಚ್ಚಿಕೊಂಡ ತಳಿ ಕೆಲವೇ ವರ್ಷಗಳಲ್ಲಿ ಸೋಲುವುದುಂಟು. ಇದೇ ಶಿಲೀಂಧ್ರ ಪ್ರಭೇದದ ಇನ್ನೊಂದು ಕವಲು 1985ರಲ್ಲಿ ಬ್ರೆಜಿಲ್‌ನಲ್ಲಿ ಗೋಧಿಗೆ ಹತ್ತಿ, 2016ರಲ್ಲಿ ಬಾಂಗ್ಲಾದೇಶದಲ್ಲಿ ಕಾಣಿಸಿಕೊಂಡಿತು.

ಚುಕ್ಕೆ ಬೆಂಕಿ ರೋಗದ್ದೇ ಎಂದು ಖಾತ್ರಿಯಿಲ್ಲದಿದ್ದರೆ ಹೀಗೆ ಮಾಡಿ. ಚುಕ್ಕೆಯಿರುವ ಗರಿಯ ತುಂಡನ್ನು ಒದ್ದೆ ಟಿಶ್ಯೂ ಮೇಲಿಟ್ಟು ಡಬ್ಬಿ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಚುಕ್ಕೆಯ ನಡುವೆ ಬೂದು ನವಿರು ಕಂಡರೆ ಪಾರದರ್ಶಕ ಅಂಟುಪಟ್ಟಿಯಿಂದ ಅದನ್ನು ಎತ್ತಿ ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ದೊಡ್ಡದು ಮಾಡಿ ನೋಡಿ. ಮೂರು ಕೋಶದ ಬೀಜಕವಾದರೆ ಬೆಂಕಿ ರೋಗ. ಉದ್ದಕ್ಕೆ ಬಾಗಿದ, ಹಲವು ಅಡ್ಡಗೋಡೆಗಳ ಬೀಜಕವಾದರೆ ಕಂದು ಚುಕ್ಕೆ ರೋಗ. ಅದು ಪೋಷಕಾಂಶ ಕಳೆದುಕೊಂಡ ನೆಲದಲ್ಲಿ ಹೆಚ್ಚು, ಮೊದಲು ಪೊಟ್ಯಾಷ್ ಕೊರತೆ ನೋಡಬೇಕು. ಚುಕ್ಕೆ ನೀರಿನ ಮಟ್ಟದಲ್ಲಿ, ಎಲೆ ಕವಚದ ಮೇಲೆ ಶುರುವಾಗಿ ಮೇಲಕ್ಕೆ ಹತ್ತುತ್ತಿದ್ದರೆ ಅದು ರೈಜೋಕ್ಟೋನಿಯಾ ಎಂಬ ಬೇರೆ ಶಿಲೀಂಧ್ರದ ಕವಚ ರೋಗ. ಅದರ ಸಾಸಿವೆಯಂಥ ಗಟ್ಟಿ ಗಂಟುಗಳು ನೀರಲ್ಲಿ ತೇಲಿ ಬಂದು ಬುಡಕ್ಕೆ ಅಂಟುತ್ತವೆ. ಅಲ್ಲಿ ಟ್ರೈಸೈಕ್ಲಜೋಲ್ ಏನೂ ಮಾಡದು. ವ್ಯಾಲಿಡಮೈಸಿನ್ ಅಥವಾ ಹೆಕ್ಸಕೊನಜೋಲ್ ಬೇಕು, ಅದೂ ಪೈರಿನ ಬುಡಕ್ಕೆ ತಲುಪುವಂತೆ ಹೊಡೆಯಬೇಕು.