ಪ್ರತಿ ಬಂದರಿಗೊಂದು ಕಡಲತೀರ: ಕ್ರೂಸ್ ಸಿದ್ಧತೆಯ ಪ್ರಗತಿ

ಅಮೆರಿಕದ ಫ್ಲೋರಿಡಾದಿಂದ ಹೊರಟು ಕೆರಿಬಿಯನ್ ವಲಯದ ದ್ವೀಪಗಳಾದ ಗ್ರ್ಯಾಂಡ್ ಟರ್ಕ್, ಸೇಂಟ್ ಥಾಮಸ್, ಸೇಂಟ್ ಮಾರ್ಟೆನ್ ಮತ್ತು ಬಾರ್ಬಡೋಸ್‌ಗಳಲ್ಲಿ ನಿಲ್ಲುವ ಚಳಿಗಾಲದ ಕ್ರೂಸ್ ಪ್ರಯಾಣ ನಿಶ್ಚಯವಾದ ಮೇಲೆ, ಆರು ವರ್ಷದ ಮಗಳಿಗೂ ಮಂಡಿನೋವಿರುವ ಅತ್ತೆಯವರಿಗೂ ಹೊಂದುವಂಥ, ಹೆಚ್ಚು ಖರ್ಚಿಲ್ಲದ ಒಂದೊಂದು ಕಡಲತೀರವನ್ನು ಪ್ರತಿ ಬಂದರಿನಲ್ಲಿಯೂ ಮೊದಲೇ ಗುರುತಿಸಿಡುವ ಕೆಲಸವನ್ನು ಕೈಗೆತ್ತಿಕೊಂಡಿದ್ದೆ. ಮೂರು ಬಂದರುಗಳ ಆಯ್ಕೆ ಈಗ ಮುಗಿದಿದೆ. ಬಾರ್ಬಡೋಸ್‌ನಲ್ಲಿ ತೀರ ಗೊತ್ತಾಗಿದೆ, ಹೋಗಿಬರುವ ವ್ಯವಸ್ಥೆಯಷ್ಟೇ ಉಳಿದಿದೆ.

ಆಯ್ಕೆಗೆ ನಾನು ಹಿಡಿದ ಮೊದಲ ಸೂತ್ರ ಗಾಳಿಯ ದಿಕ್ಕು. ಈ ದ್ವೀಪಗಳ ಮೇಲೆ ವಾಣಿಜ್ಯ ಮಾರುತಗಳು ವರ್ಷದ ಬಹುಪಾಲು ಪೂರ್ವದಿಂದ ಅಥವಾ ಈಶಾನ್ಯದಿಂದ ಬೀಸುವುದರಿಂದ ಪೂರ್ವ ತೀರಕ್ಕೆ ಅಟ್ಲಾಂಟಿಕ್ ಸಾಗರದ ಅಲೆಗಳು ನೇರವಾಗಿ ಬಡಿಯುತ್ತವೆ, ಭೂಭಾಗದ ಮರೆಯಲ್ಲಿರುವ ಪಶ್ಚಿಮ ತೀರ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಬಾರ್ಬಡೋಸ್‌ನ ಪೂರ್ವಕ್ಕಿರುವ ಬಾತ್‌ಷೀಬಾ ಚಿತ್ರಗಳಲ್ಲಿ ಎಷ್ಟೇ ಮನಸೆಳೆದರೂ ಅದು ಸರ್ಫಿಂಗ್ ಮಾಡುವವರ ನೀರು, ಮಗುವಿನದಲ್ಲ. ಅದೇ ದ್ವೀಪದ ನೈರುತ್ಯದಲ್ಲಿ ಬ್ರಿಜ್‌ಟೌನ್ ಪಕ್ಕದ ಕಾರ್ಲೈಲ್ ಕೊಲ್ಲಿ ಈಜು ಬಾರದವರೂ ಸೊಂಟದ ಆಳದಲ್ಲಿ ನಿಲ್ಲಬಹುದಾದ ಜಾಗ. 2011ರಿಂದೀಚೆಗೆ ಕೆರಿಬಿಯನ್ ದ್ವೀಪಗಳಿಗೆ ರಾಶಿರಾಶಿಯಾಗಿ ಬಂದು ಬೀಳುತ್ತಿರುವ ಸಾರ್ಗಾಸಮ್ ಎಂಬ ಕಂದು ಪಾಚಿಯೂ ಹೆಚ್ಚಾಗಿ ಗಾಳಿಗೆ ಎದುರಾಗಿರುವ ತೀರಗಳಿಗೇ ಅಡರುತ್ತದೆ. ಅದರ ಹಾವಳಿ ವಸಂತ ಮತ್ತು ಬೇಸಿಗೆಯಲ್ಲಿ ಹೆಚ್ಚು. ನಾವು ಚಳಿಗಾಲದಲ್ಲಿ ಹೋಗುತ್ತಿರುವುದು ಈ ಮಟ್ಟಿಗೆ ಅನುಕೂಲವೇ ಆಯಿತು.

ಗ್ರ್ಯಾಂಡ್ ಟರ್ಕ್ ಬಗ್ಗೆ ಹೆಚ್ಚು ಯೋಚಿಸಬೇಕಾಗಲಿಲ್ಲ. ಹಡಗುಕಟ್ಟೆಯಿಂದ ಇಳಿದು ಕೆಲವೇ ನಿಮಿಷ ನಡೆದರೆ ಮರಳು ಸಿಗುತ್ತದೆ, ವಾಹನದ ಖರ್ಚಿಲ್ಲ. ಸೇಂಟ್ ಮಾರ್ಟೆನ್‌ನಲ್ಲಿ ಫಿಲಿಪ್ಸ್‌ಬರ್ಗ್ ಪಟ್ಟಣದ ಮುಂದೆಯೇ ಚಾಚಿಕೊಂಡಿರುವ ಗ್ರೇಟ್ ಬೇ ತೀರವನ್ನು ಆರಿಸಿದ್ದೇನೆ. ಅಲ್ಲಿಗೆ ನಡೆದೂ ಹೋಗಬಹುದು, ಆದರೆ ಅತ್ತೆಯವರಿಗಾಗಿ ಬಂದರಿನಿಂದ ಹೊರಡುವ ವಾಟರ್ ಟ್ಯಾಕ್ಸಿಯೇ ಸರಿ. ಕುರ್ಚಿ ಮತ್ತು ಕೊಡೆ ಬಾಡಿಗೆಗೆ ಸಿಗುತ್ತವೆ. ಶೌಚಾಲಯದ ಬಳಕೆ ಅದರಲ್ಲಿ ಸೇರಿದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಕೇಳಬೇಕೆಂದು ಬರೆದುಕೊಂಡಿದ್ದೇನೆ, ಏಕೆಂದರೆ ಚಿಕ್ಕ ಮಕ್ಕಳಿರುವ ಕುಟುಂಬಕ್ಕೆ ಕುರ್ಚಿಗಿಂತ ಅದು ಮುಖ್ಯ.

ಹೆಚ್ಚು ಲೆಕ್ಕಾಚಾರ ಬೇಡಿದ್ದು ಸೇಂಟ್ ಥಾಮಸ್. ದ್ವೀಪದ ಉತ್ತರಕ್ಕಿರುವ ಮೇಗನ್ಸ್ ಬೇ ನೆಲದೊಳಗೆ ಆಳವಾಗಿ ಕೊರೆದುಕೊಂಡು ಬಂದಿರುವ ಕೊಲ್ಲಿಯಾದ್ದರಿಂದ ನೀರು ಸಾಮಾನ್ಯವಾಗಿ ನಿಶ್ಚಲವಾಗಿರುತ್ತದೆ. ಲೈಫ್‌ಗಾರ್ಡ್, ಸ್ನಾನದ ವ್ಯವಸ್ಥೆ ಮತ್ತು ನೆರಳು ಎಲ್ಲವೂ ಅಲ್ಲಿವೆ. ಆದರೆ ಅದು ಪ್ರವೇಶ ಶುಲ್ಕವಿರುವ ಉದ್ಯಾನ, ಬಂದರು ಗುಡ್ಡದ ಆಚೆ ಬದಿಗಿದೆ, ಮತ್ತು ಆ ದ್ವೀಪದಲ್ಲಿ ಟ್ಯಾಕ್ಸಿಯವರು ಗಾಡಿಗೆ ಇಷ್ಟೆಂದಲ್ಲ, ತಲೆಗೆ ಇಷ್ಟೆಂದು ದರ ಪಡೆಯುತ್ತಾರೆ. ಹಾಗಾಗಿ ಪ್ರವೇಶ ಶುಲ್ಕ ಚಿಕ್ಕದೆಂದು ಸಮಾಧಾನಪಡುವ ಮೊದಲು ಹೋಗುವ ಮತ್ತು ಬರುವ ದರಗಳನ್ನು ಕುಟುಂಬದ ಎಲ್ಲರ ಸಂಖ್ಯೆಯಿಂದ ಗುಣಿಸಿ ನೋಡಬೇಕು. ಹಡಗಿನವರೇ ಏರ್ಪಡಿಸುವ ಪ್ರವಾಸದ ಬೆಲೆಯನ್ನು ಈ ಒಟ್ಟು ಮೊತ್ತದ ಜೊತೆಗೆ ಹೋಲಿಸಿದಾಗ ಮಾತ್ರ ಹೋಲಿಕೆ ನ್ಯಾಯವಾಗುತ್ತದೆ. ಹಾಗೆ ಲೆಕ್ಕ ಹಾಕಿದ ಮೇಲೂ ಮೇಗನ್ಸ್ ಬೇಗೆ ನಾವೇ ಹೋಗುವುದು ಅಗ್ಗವಾಗಿ ಕಂಡಿತು, ಅದನ್ನೇ ಖಚಿತಪಡಿಸಿದೆ. ಸೇಂಟ್ ಥಾಮಸ್ ಸೇರಿರುವ ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ ಆಕ್ಸಿಬೆನ್‌ಜೋನ್ ಮತ್ತು ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಸನ್‌ಸ್ಕ್ರೀನ್‌ಗಳು 2020ರಿಂದ ನಿಷಿದ್ಧವಾಗಿರುವುದರಿಂದ ಜಿಂಕ್ ಆಕ್ಸೈಡ್ ಆಧಾರಿತ ಟ್ಯೂಬ್‌ಗಳನ್ನು ಈಗಲೇ ತೆಗೆದಿಟ್ಟಿದ್ದೇನೆ. ಹವಳಕ್ಕೆ ಹಾನಿಯಾಗದಿರಲಿ ಎಂಬುದು ಈ ನಿಯಮದ ಉದ್ದೇಶ. ಅದನ್ನು ಉಳಿದ ಮೂರು ದ್ವೀಪಗಳಲ್ಲೂ ಪಾಲಿಸುವುದೇ ಒಳ್ಳೆಯದು.

ಗಡಿಯಾರದ ವಿಷಯವನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದಿದ್ದೇನೆ. ಚಳಿಗಾಲದಲ್ಲಿ ಸೇಂಟ್ ಥಾಮಸ್, ಸೇಂಟ್ ಮಾರ್ಟೆನ್ ಮತ್ತು ಬಾರ್ಬಡೋಸ್‌ಗಳ ಸ್ಥಳೀಯ ಸಮಯ ಫ್ಲೋರಿಡಾಕ್ಕಿಂತ ಒಂದು ಗಂಟೆ ಮುಂದಿರುತ್ತದೆ. ಹಡಗು ತನ್ನ ಸಮಯವನ್ನು ಬದಲಿಸುವುದೋ ಇಲ್ಲವೋ ಎಂಬುದು ಆಯಾ ಹಡಗಿಗೆ ಬಿಟ್ಟದ್ದು, ಫೋನ್ ಮಾತ್ರ ದಡದ ಸಮಯವನ್ನು ತಾನಾಗಿಯೇ ಹಿಡಿದುಕೊಳ್ಳುತ್ತದೆ. ಆದ್ದರಿಂದ ಹಡಗಿನ ಸಮಯಕ್ಕೆ ಹೊಂದಿಸಿದ ಒಂದು ಕೈಗಡಿಯಾರವನ್ನು ಕಟ್ಟಿಕೊಳ್ಳುವುದೆಂದು ತೀರ್ಮಾನಿಸಿದ್ದೇವೆ. ಸ್ವಂತವಾಗಿ ಹೋದವರಿಗಾಗಿ ಹಡಗು ಕಾಯುವುದಿಲ್ಲ. ಎಲ್ಲರೂ ಹಡಗನ್ನು ಹತ್ತಿರಬೇಕಾದ ಸಮಯಕ್ಕಿಂತ ಕನಿಷ್ಠ ಒಂದೂವರೆ ಗಂಟೆ ಮೊದಲು ತೀರವನ್ನು ಬಿಡುವುದು ನಮ್ಮ ನಿಯಮ.

ಮಗಳಿಗೆ ಬಾವುಟಗಳ ಪಾಠ ಶುರುವಾಗಿದೆ. ಮೇಲೆ ಕೆಂಪು, ಕೆಳಗೆ ಹಳದಿ ಇರುವ ಬಾವುಟವೆಂದರೆ ಲೈಫ್‌ಗಾರ್ಡ್ ಕಾವಲಿರುವ ಜಾಗ, ನೇರಳೆ ಎಂದರೆ ಕುಟುಕುವ ಜಲಚರಗಳಿವೆ, ಎರಡು ಕೆಂಪು ಬಾವುಟಗಳಿದ್ದರೆ ನೀರಿಗೆ ಇಳಿಯುವಂತೆಯೇ ಇಲ್ಲ. ಬಾರ್ಬಡೋಸ್‌ನ ತೀರಗಳಲ್ಲಿ ಬೆಳೆಯುವ ಮ್ಯಾಂಚಿನೀಲ್ ಮರದ ಚಿತ್ರವನ್ನೂ ಅವಳಿಗೆ ತೋರಿಸಿದ್ದೇನೆ. ಪುಟ್ಟ ಹಸಿರು ಸೇಬಿನಂತೆ ಕಾಣುವ ಅದರ ಹಣ್ಣು ವಿಷ, ಹಾಲು ತಗುಲಿದರೆ ಚರ್ಮ ಬೊಬ್ಬೆಯೇಳುತ್ತದೆ, ಮಳೆ ಬಂದಾಗ ಅದರ ಕೆಳಗೆ ನಿಲ್ಲುವುದೂ ಅಪಾಯ. ಹಲವು ಕಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ. ನೆರಳು ಹುಡುಕುವ ಪ್ರತಿಯೊಂದು ಕುಟುಂಬಕ್ಕೂ ಇದು ಮೊದಲೇ ತಿಳಿದಿರಬೇಕು.

ಇನ್ನು ಉಳಿದಿರುವುದು ಬ್ರಿಜ್‌ಟೌನ್ ಬಂದರಿನಿಂದ ಕಾರ್ಲೈಲ್ ಕೊಲ್ಲಿಗೆ ಟ್ಯಾಕ್ಸಿ. ಅಲ್ಲಿ ಮೀಟರ್ ಇಲ್ಲದಿರುವುದರಿಂದ ದರವನ್ನೂ, ಅದು ಅಮೆರಿಕದ ಡಾಲರಿನಲ್ಲೋ ಬಾರ್ಬಡೋಸ್ ಡಾಲರಿನಲ್ಲೋ ಎಂಬುದನ್ನೂ ಹತ್ತುವ ಮೊದಲೇ ಮಾತಾಡಿಕೊಳ್ಳಬೇಕು. ಒಂದು ಅಮೆರಿಕನ್ ಡಾಲರಿಗೆ ಎರಡು ಬಾರ್ಬಡೋಸ್ ಡಾಲರ್ ಎಂಬುದು ಸ್ಥಿರ ದರ. ಹಿಂದಿರುಗುವಾಗಿನ ಗಾಡಿಯನ್ನು ಬೆಳಿಗ್ಗೆಯೇ ಗೊತ್ತುಮಾಡುವುದೋ, ಕೊಲ್ಲಿಯ ಬಳಿ ಹಿಡಿಯುವುದೋ ಎಂಬುದನ್ನು ಮುಂದಿನ ವಾರ ಅತ್ತೆಯವರೊಡನೆ ಕುಳಿತು ನಿರ್ಧರಿಸುತ್ತೇವೆ.